ಎಲ್ಸಾ ಓದಿದ ತುಟಿಗಳು

ಲಾಸ್ ಏಂಜಲೀಸ್
9 ನವೆಂಬರ್ 1920

ಪ್ರೀತಿಯ ಮಿನ್ನಾ ಅಕ್ಕ,

ಹೇಗಿದ್ದೀಯ? ಚಳಿಗೆ ಭಾವನ ಮಂಡಿನೋವು ಹೆಚ್ಚಾಗಿರಬೇಕು. ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಬಿಡುವಿರಲಿಲ್ಲ ಎಂದು ಬರೆಯಹೊರಟಿದ್ದೆ. ಅದು ಪೂರ್ತಿ ನಿಜವಲ್ಲ. ತಡವಾದದ್ದಕ್ಕೆ ಕ್ಷಮಿಸು.

ನನಗೆ ಮತ್ತೆ ಮೋಹಿನಿಯ ಪಾತ್ರವೇ. ಈ ಸಲ ಒಬ್ಬ ಬ್ಯಾಂಕ್ ಮಾಲೀಕನನ್ನು ಹಾಳು ಮಾಡುತ್ತಿದ್ದೇನೆ. ನಿರ್ದೇಶಕ ಹ್ಯಾಸ್ಕೆಲ್ ದಿನವಿಡೀ ಕೂಗುತ್ತಾನೆ: "ಅಯ್ಯೋ ತಾಯಿ, ಅವನಿಗೇನು ಸೂಪ್ ಬಡಿಸ್ತಿದ್ದೀಯಾ? ನುಂಗೋ ಹಾಗೆ ನೋಡು!" ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆಮೇಲೆ ಯಾರೂ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಮೊನ್ನೆ ಆಲೂಗಡ್ಡೆ ಕೊಳ್ಳಲು ಹೋದಾಗ, ಮುಸುಕು ಹಾಕಿದ್ದರೂ ಅಂಗಡಿಯವಳು ಗುರುತು ಹಿಡಿದಳು. "ರೀ, ನೀವು ಒಳಗೆ ನಡೀರಿ. ಇವಳಿಗೆ ನಾನೇ ತೂಗ್ತೀನಿ," ಎಂದು ಗಂಡನನ್ನು ಅಟ್ಟಿದಳು. ಪಾಪ, ಅವನಿಗೆ ಎಪ್ಪತ್ತಾಗಿರಬೇಕು.

ನಾನು ನೈಲ್ ನದಿಯ ದಡದಲ್ಲಿ ಹುಟ್ಟಿದವಳು, ಹಿಂದೆ ಮುಂದೆ ಯಾರೂ ಇಲ್ಲದವಳು ಎಂದು ನಮ್ಮ ಸಿನಿಮಾ ಕಂಪನಿಯೇ ಪತ್ರಿಕೆಗಳಿಗೆ ಹೇಳಿಕೊಂಡಿದೆ. ಮಗಳಿದ್ದಾಳೆಂದು ತಿಳಿದರೆ ನನ್ನ ಕೆಲಸ ಹೋಗುತ್ತದೆ, ಎಲ್ಸಾಳ ಶಾಲೆಯೂ ನಿಂತುಹೋಗುತ್ತದೆ. ಈಗ ನಿಮ್ಮಲ್ಲಿಗೆ ಬಂದು ಅವಳನ್ನು ನೋಡುವಂತೆಯೂ ಇಲ್ಲ.

ಅದಕ್ಕೇ ಆ ಉಪಾಯ ಹೊಳೆದದ್ದು. ನಮ್ಮ ಚಿತ್ರಗಳಿಗೆ ಧ್ವನಿಯಿಲ್ಲ, ಬಾಯಿ ಆಡಿದರೆ ಸಾಕು. ನಾಯಕ ನನ್ನ ಮುಂದೆ ಮಂಡಿಯೂರಿ ತನ್ನ ಹಲ್ಲುನೋವಿನ ಕಥೆ ಹೇಳುತ್ತಿರುತ್ತಾನೆ. ಕಿವಿ ಕೇಳದ ನನ್ನ ಮಗಳು ತುಟಿ ನೋಡಿಯೇ ಮಾತು ತಿಳಿಯುತ್ತಾಳಲ್ಲ! ಅವಳ ಹೆಸರು ಹಿಡಿದು ಕರೆದರೆ ಸುತ್ತಲಿನವರು ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಹೋದ ಚಿತ್ರದಲ್ಲಿ, ನಾಯಕನ ಕೊರಳು ತಬ್ಬಿ, ಹಿಂದೆ ಎಲ್ಸಾಳನ್ನು ಬಿಟ್ಟುಬರುವಾಗಲೆಲ್ಲ ಹೇಳುತ್ತಿದ್ದುದನ್ನೇ ಹೇಳಿದೆ: "ಚಿನ್ನಾ, ನೀನಿಲ್ಲದೆ ನಂಗೆ ನಿದ್ದೆ ಬರಲ್ಲ." ಅವಳನ್ನು ಆ ಚಿತ್ರಕ್ಕೆ ಕರೆದೊಯ್ದೆಯಲ್ಲ ಅಕ್ಕ, ದೊಡ್ಡ ಉಪಕಾರ. ಒಂದು ಮಾತೂ ಬಿಡದೆ ಓದಿದಳು ಎಂದು ಬರೆದಿದ್ದೀಯ.

ಅವಳಿಗೆ ಉಣ್ಣೆಯ ಕೈಗವಸು ಕಳಿಸಿದ್ದೇನೆ. ದೊಡ್ಡದಾದರೆ ಮುಂದಿನ ಚಳಿಗೂ ಆಗುತ್ತದೆ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಟಿಲ್ಲಿ

ತಾ.ಕ.: ನನ್ನ ತುಟಿ ಓದಿದ ಮೇಲೆ ಎಲ್ಸಾ ನಿನ್ನ ತೋಳು ಜಗ್ಗಿ ಕೇಳಿದಳಂತಲ್ಲ, "ದೊಡ್ಡಮ್ಮಾ, ಅಮ್ಮ ಆ ಮಾಮಂಗೂ ಅದನ್ನೇ ಹೇಳ್ತಾಳಾ? ನಂಗೆ ಮಾತ್ರ ಅಂದ್ಕೊಂಡಿದ್ದೆ," ಎಂದು. ಈ ಕಾಗದ ಇಷ್ಟು ತಡವಾದದ್ದು ಅದಕ್ಕೇ. ಇವತ್ತು ಅಪ್ಪುಗೆಯ ದೃಶ್ಯವಿತ್ತು. ನಾನು ತುಟಿ ಬಿಚ್ಚಲಿಲ್ಲ. ಹ್ಯಾಸ್ಕೆಲ್ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದ: "ಈಗ ನೋಡು, ಈಗ ಆದೆ ನೀನು ಮೋಹಿನಿ!"