ಹಳೇ ಸರ್ವರ್‌ಗೆ 3:50ರ ಜ್ವರ

7 ಜುಲೈ 2025, ಸೋಮವಾರ, ಬೆಳಿಗ್ಗೆ 8:40

ಸರ್ವರ್ ತಾನೇ ಬರೆದಿಡುವ ದಿನಚರಿ, ಅಂದರೆ ಲಾಗ್, ಓದಿದೆ. ಫ್ಯಾನ್ ನಾಲ್ಕೂ ಸರಿ. ಡಿಸ್ಕ್ ಎರಡೂ ಸರಿ. ಟೀ ಇನ್ನೂ ಬಂದಿಲ್ಲ, ಅದೊಂದೇ ಫಾಲ್ಟ್. ಚನ್ನಗಿರಿಯ ನಮ್ಮ ಅಡಿಕೆ ಸೊಸೈಟಿಗೆ ರೈತರು ತರುವ ಅಷ್ಟೂ ಲಾಟು, ಖರೀದಿದಾರರು ಕೂಗುವ ಅಷ್ಟೂ ಟೆಂಡರು ಈ ಸರ್ವರ್‌ನ ಹೊಟ್ಟೆಯಲ್ಲಿ. ವಾರಂಟಿ ಮುಗಿದು ಮೂರು ವರ್ಷ. ದಿನಾ ಇದರ ಲಾಗ್ ಓದುವುದು ಪೇಪರ್ ಓದುವುದಕ್ಕಿಂತ ಖುಷಿ.

8 ಜುಲೈ, ಸಂಜೆ

ಬೆಳಿಗ್ಗೆ 10:10ಕ್ಕೆ ತಾನಾಗಿ ಆಫ್ ಆಯಿತು. ಮಳೆ ಬೇರೆ. ನಲ್ಲೂರು, ಉಬ್ರಾಣಿಯಿಂದ ಬಂದ ರೈತರೆಲ್ಲ ಒಂದು ಗಂಟೆ ಕಾದರು. ಸೆಕ್ರೆಟರಿ ರೇಣುಕಪ್ರಸಾದ್ ಬೈಯಲಿಲ್ಲ... ಅದೇ ಭಯ. ಇಪ್ಪತ್ತೈದರ ಮೀಟಿಂಗ್ ಒಳಗೆ ಕಾರಣ ಸಿಗದಿದ್ದರೆ ಸರ್ವರ್ ಗುಜರಿಗೆ, ಕೆಲಸ ಹೊನ್ನಾಳಿ ಆಫೀಸಿಗೆ, ಅದರ ಹಿಂದೆ ನಾನು. ನನಗೆ ಹೋಗಲು ಇಷ್ಟವಿಲ್ಲ. ಈ ಕಿಟಕಿ, ಈ ಕುರ್ಚಿ, ಈ ಹಠಮಾರಿ ಪೆಟ್ಟಿಗೆ ಸಾಕು.

ಕಂಪನಿಗೆ ಫೋನ್ ಮಾಡಿದೆ. ವಾರಂಟಿ ಇಲ್ಲದ ಯಂತ್ರದ ಲಾಗ್ ಓದುವುದಿಲ್ಲವಂತೆ. ಬೇಡ ಬಿಡಿ, ನನಗೂ ಕಣ್ಣಿದೆ.

9 ಜುಲೈ

ಹಳೇ ಲಾಗ್ ತೆಗೆದು ನೋಡಿದರೆ, ಮಳೆ ಬಂದ ದಿನವೆಲ್ಲ 3:50ಕ್ಕೆ ಬಿಸಿ ಏರಿದೆ. ಬೆಳಗಿನ ಜಾವ! ವಾಚ್‌ಮನ್ ನಾಗೇಂದ್ರಪ್ಪನನ್ನು ಕೇಳಿದೆ, ಒಳಗೆ ಸ್ಟವ್ ಹಚ್ಚುತ್ತೀಯಾ ಅಂತ. ಸಿಡುಕಿದ. ರೂಮಿನ ಬೀಗದಕೈ ನಿಮ್ಮ ಬ್ಯಾಗಿನಲ್ಲೇ ಇರುತ್ತದಲ್ಲ, ಪ್ರಮೀಳಮ್ಮ, ಎಂದ. ಹೌದು.

10 ಜುಲೈ

ಅಯ್ಯೋ ನನ್ನ ಬುದ್ಧಿಯೇ. ಮಂಗಳವಾರದ ಲಾಗಿನ ಕೊನೇ ಸಾಲು 4:40. ಆಫ್ ಆಗಿದ್ದು ನನ್ನ ಕಣ್ಣೆದುರು, 10:10ಕ್ಕೆ. ಏಪ್ರಿಲ್‌ನಲ್ಲಿ ಒಳಗಿನ ಬ್ಯಾಟರಿ ಬದಲಿಸಿ, ನಮ್ಮ ದೇಶದ ಟೈಮ್ ಹೊಂದಿಸುವುದು ಮರೆತಿದ್ದೇನೆ. ಗ್ರೀನ್‌ವಿಚ್ ಲೆಕ್ಕದಲ್ಲಿ, ಐದೂವರೆ ಗಂಟೆ ಹಿಂದೆ ಓಡುತ್ತಿದೆ. 3:50 ಅಂದರೆ 9:20. ಆ ಹೊತ್ತಿಗೆ ನಾನು ಕೆಳಗೆ ಲಾಟಿನ ಚೀಟಿ ಅಂಟಿಸುತ್ತಿರುತ್ತೇನೆ, ರೂಮು ತೆರೆದೇ ಇರುತ್ತದೆ. ನಾಗೇಂದ್ರಪ್ಪನಿಗೆ ಟೀ ಕುಡಿಸಿದೆ.

11 ಜುಲೈ, ಮಳೆ

ಕೆಳಗೆ ಹೋಗಲಿಲ್ಲ. 9:20ಕ್ಕೆ ಸರಿಯಾಗಿ ಕಲ್ಲೇಶಪ್ಪ ಬಂದರು, ಮೂವತ್ತು ವರ್ಷದಿಂದ ಸ್ಯಾಂಪಲ್ ತೆಗೆಯುವವರು. ಒದ್ದೆ ಅಡಿಕೆಯ ತಟ್ಟೆಗಳನ್ನು ಸರ್ವರ್ ಹಿಂದೆ, ಬಿಸಿ ಗಾಳಿ ಬರುವಲ್ಲಿ ಪೇರಿಸಿ, ಮೇಲೆ ಗೋಣಿಚೀಲ ಹೊದಿಸಿದರು. ಬೆಚ್ಚಗಿರಲಿ ಅಂತ! ನಾನು ಎದುರಿನ ಪರದೆ ಬಿಟ್ಟು ಹಿಂದೆ ಇಣುಕಿದ್ದೇ ಇಲ್ಲ.

‘ಒದ್ದೆ ಇದ್ರೆ ಖರೀದಿದಾರರು ಮಾಲಿಗೆ ಕೊಂಕು ತೆಗೀತಾರ್ರೀ. ಇಲ್ಲಿ ಬೇಗ ಒಣಗ್ತೈತೆ.’

ಅದು ಯಂತ್ರದ ಉಸಿರು, ಕಟ್ಟಿದರೆ ಸಾಯುತ್ತದೆ ಎಂದೆ. ಅವರ ಮುಖ ಸಪ್ಪಗಾಯಿತು. ನಿವೃತ್ತಿಗೆ ನಾಲ್ಕೇ ತಿಂಗಳು. ರಿಪೋರ್ಟಿನಲ್ಲಿ ಬರೆದೆ: ‘ಗಾಳಿಯ ದಾರಿಗೆ ಅಡಚಣೆ. ತೆಗೆಯಲಾಗಿದೆ.’ ಹೆಸರು ಬರೆಯಲಿಲ್ಲ.

25 ಜುಲೈ, ಸಂಜೆ

ಎರಡು ವಾರ ಮಳೆ ಹೊಯ್ದರೂ ಜ್ವರ ಬರಲಿಲ್ಲ. ಆದರೂ ಮೀಟಿಂಗ್‌ನಲ್ಲಿ ಸೆಕ್ರೆಟರಿ ಬಿಡಲಿಲ್ಲ. ಅಡಚಣೆ ಎಂದರೆ ಏನು, ಯಾರಿಂದ? ನಾನು ನೀರು ಕುಡಿದೆ. ಮತ್ತೆ ಕುಡಿದೆ. ಅರ್ಧ ಕಾರಣ ಕಾರಣವಲ್ಲ ಎಂದು ಹೊನ್ನಾಳಿಯ ಪತ್ರಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ಹಿಂದಿನ ಬೆಂಚಿನಿಂದ ಕಲ್ಲೇಶಪ್ಪ ಎದ್ದರು.

‘ಅಡಚಣೆ ಅಂದ್ರೆ ನಾನೇ, ಸಾರ್. ಪ್ರಮೀಳಮ್ಮಾರು ನನ್ನ ಮುಚ್ಚಿಟ್ಟಾರೆ. ಯಂತ್ರದ್ದೇನೂ ತಪ್ಪಿಲ್ಲ.’

ಸೆಕ್ರೆಟರಿ ಪೆನ್ನು ಕೆಳಗಿಟ್ಟರು. ಆಮೇಲೆ ಅವರಿಗೇ ನಗು ಬಂತು. ಪತ್ರ ಹರಿದರು. ಸ್ಯಾಂಪಲ್ ಒಣಗಿಸಲು ಬಲ್ಬ್ ಹಾಕಿದ ಪೆಟ್ಟಿಗೆ ಮಾಡಿಸಲು ಹೇಳಿದರು. ರೂಮಿಗೆ ಬಂದು ಅತ್ತುಬಿಟ್ಟೆ. ಸಂತೋಷಕ್ಕೆ.

26 ಜುಲೈ, 9:20

ಮಳೆ. ಕಲ್ಲೇಶಪ್ಪ ಒಳಗೆ ಬಂದರು, ಕೈಯಲ್ಲಿ ತಟ್ಟೆಯಿಲ್ಲ, ಸ್ಯಾಂಪಲ್ ಪುಸ್ತಕ. ನಾನಿರುವುದು ನೋಡಿ ನಾಚಿದರು. ಬಗ್ಗಿ, ಸರ್ವರ್‌ನ ಪುಟ್ಟ ಪರದೆಯಲ್ಲಿ ಬಿಸಿ ಎಷ್ಟು ಡಿಗ್ರಿ ಎಂದು ಓದಿ ಬರೆದುಕೊಂಡರು. ‘ಇಪ್ಪತ್ನಾಲ್ಕು. ಆರಾಮೈತೆ.’

ಪುಸ್ತಕ ಇಸಿದುಕೊಂಡು ಹಿಂದಿನ ಪುಟ ತಿರುಗಿಸಿದೆ. ಹನ್ನೆರಡನೇ ತಾರೀಖಿನಿಂದ ಒಂದು ಕೆಲಸದ ದಿನವೂ ಬಿಟ್ಟಿಲ್ಲ. ಲಾಟ್ ನಂಬರಿಗಿಂತ ಮೇಲೆ, ಮೊದಲ ಸಾಲಿನಲ್ಲಿ ಸರ್ವರ್‌ನ ಜ್ವರ. ಅಂದರೆ ದಿನಾ, ನಾನು ಕೆಳಗೆ ಹೋದ ಮೇಲೆ, ಇವರು ಕನ್ನಡಕ ಹಾಕಿಕೊಂಡು ಬಂದು, ಬಗ್ಗಿ, ನನ್ನ ಪೆಟ್ಟಿಗೆಯ ಜ್ವರ ನೋಡಿ—