ಕಾದರೆ ಹಳದಿ, ಆರಿದರೆ ಬಿಳಿ

ಗೋವಿನಕೋವಿ
ತಾ. ೧೨-೩-೧೯೩೯

ಪ್ರೀತಿಯ ತಮ್ಮ ಹಾಲಸ್ವಾಮಿಗೆ,

ಅಕ್ಕ ಸರ್ವಮಂಗಳೆಯ ಆಶೀರ್ವಾದ. ನಾನು ಇಲ್ಲಿ ಗಟ್ಟಿಮುಟ್ಟಾಗಿದ್ದೇನೆ. ಜಗಳೂರಿನಲ್ಲಿ ನೀನು, ಸಾವಂತ್ರಿ, ಮಗು ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಕೈಗಿಂತ ಮೊದಲು ಸಿಟ್ಟು ಓಡುತ್ತಿತ್ತು. ಇವತ್ತು ಸ್ವಲ್ಪ ತಣ್ಣಗಿದ್ದೇನೆ, ಅದಕ್ಕೇ ಕೂತೆ.

ಕೆಂದ ಹಸು ಈದಿದೆ, ಹೆಣ್ಣುಕರು. ಹಣೆಯ ಮೇಲೆ ಬಿಳಿ ಚುಕ್ಕೆ ಇದೆ. ಅವ್ವ ಇದ್ದಿದ್ದರೆ ಕರುವಿನ ಮುಖ ನೋಡುವ ಮೊದಲು ಸಗಣಿ ಎಷ್ಟು ಸಿಕ್ಕೀತು ಎಂದು ಲೆಕ್ಕ ಹಾಕುತ್ತಿದ್ದಳು. ಹಿತ್ತಲಲ್ಲಿ ಕುಳ್ಳು ಒಣಗಿವೆ. ಸುಟ್ಟು, ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ತಿಳಿಯಾಗಿಸಿ, ಹಳೆಯ ರೀತಿಯಲ್ಲೇ ವಿಭೂತಿ ಗಟ್ಟಿ ತಟ್ಟುತ್ತಿದ್ದೇನೆ. ಸೋಸುವ ಬಟ್ಟೆ ಹಾರದಂತೆ ಇಡುವುದು ಇನ್ನೂ ಆ ಕರಿಕಲ್ಲನ್ನೇ. ಚನ್ನಗಿರಿಯಲ್ಲಿ ಓದುವಾಗ ಉಬ್ರಾಣಿ ಗುಡ್ಡದಿಂದ ಹೊತ್ತು ತಂದು, "ಅವ್ವಾ, ಸೂಜಿ ಹಿಡಿ, ಹೆಂಗೆ ಎಳೀತೈತೆ ನೋಡು" ಎಂದು ಕುಣಿದಿದ್ದೆಯಲ್ಲ, ಅದೇ ಕಲ್ಲು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಮಳೆಗಾಲದಲ್ಲಿ ಕುಳ್ಳೆಲ್ಲ ನೆನೆದು ಹಾಳಾದವು. ಅವ್ವ ಹಾಸಿಗೆ ಹಿಡಿದಿದ್ದಳು. ಚನ್ನಗಿರಿಯ ಮಠಕ್ಕೆ ವಿಭೂತಿ ಕೊಡುತ್ತೇವೆಂದು ಮಾತು ಕೊಟ್ಟಾಗಿತ್ತು. ಸಂತೇಬೆನ್ನೂರಿನ ನೆಂಟರ ಮನೆಯಲ್ಲಿ ಒಣ ಬೂದಿ ಇದೆ, ಹೋಗಿ ತಂದುಕೊಡು ಎಂದು ನಿನಗೆ ಹೇಳಿ ಕಳಿಸಿದೆ. ನೀನು ಅಲ್ಲಿಗೆ ಹೋಗಲಿಲ್ಲ. ಜಗಳೂರಿನಿಂದ ಒಂದು ಚೀಲ ತಂದು ಇಳಿಸಿದೆ. "ಅಕ್ಕಾ, ನಮ್ಮ ಕಡೆ ದನ ಒಣಹುಲ್ಲು ತಿಂತಾವೆ. ಅದಕ್ಕೇ ಬೂದಿ ಇಷ್ಟು ಬೆಳ್ಳಗೈತೆ" ಎಂದೆ. ನಾನು ನಂಬಿದೆ. ಬಣ್ಣದಂಗಡಿ ಇಟ್ಟವನು ತಂದ ಬಿಳಿ ಪುಡಿ ಎಂಬ ಅನುಮಾನ ನನ್ನ ತಲೆಗೆ ಹೊಳೆಯಲೇ ಇಲ್ಲ. ನೀನು ನನ್ನ ತಮ್ಮ, ಹೊಳೆಯುವುದಾದರೂ ಹೇಗೆ?

ಮನೆಯಲ್ಲಿ ಉಳಿದಿದ್ದ ಚೂರುಪಾರು ಬೂದಿಗೆ ಅದನ್ನು ಕಲಸಿ ಗಟ್ಟಿ ತಟ್ಟಿದೆ. ಕೆಂಡದಲ್ಲಿ ಸುಟ್ಟು ತೆಗೆದಾಗ ಗಟ್ಟಿಗಳು ನಿಂಬೆಹಣ್ಣಿನಂತೆ ಹಳದಿಯಾಗಿದ್ದವು. ನಾನು ಗಾಬರಿಯಾದೆ. ಆರುತ್ತಾ ಆರುತ್ತಾ ನಮ್ಮ ಕಣ್ಣೆದುರೇ ಮತ್ತೆ ಬೆಳ್ಳಗಾದವು. ಅವ್ವ ಹಾಸಿಗೆಯಿಂದಲೇ ಕತ್ತೆತ್ತಿ ನೋಡಿದಳು. "ಏನಪ್ಪಾ ಇದು, ಹೊನ್ನಾಗಿ ಬೂದಿ ಆಯ್ತಲ್ಲೋ" ಎಂದಳು. ನೀನು ಪಕ್ಕದಲ್ಲೇ ಕೂತಿದ್ದೆ. "ಶುದ್ಧ ಬೂದಿ ಹಂಗೇ ಅವ್ವಾ" ಎಂದೆ. ಅವ್ವ ಎರಡೂ ಕೈ ಜೋಡಿಸಿದಳು.

ಶಿವರಾತ್ರಿಯ ನಂತರ ಪಕ್ಕದ ಮನೆ ಕರಿಯಕ್ಕ ಬಂದು ಕೇಳಿದಳು. "ಸರ್ವಮಂಗಳಕ್ಕಾ, ಈ ಸಲ ವಿಭೂತಿಗೆ ಏನು ಹಾಕೀರಿ? ನನ್ನ ಕರೀ ಸೀರೆಗೆ ಹತ್ತಿದ್ದು ಎಷ್ಟು ಒಗೆದ್ರೂ ಹೋಗವಲ್ದು." ನಾನು ಅವಳಿಗೇ ಜೋರು ಮಾಡಿದೆ. "ನನ್ನ ತಮ್ಮ ತಂದ ಬೂದಿ ಅದು. ನಿನಗೆ ಸರಿಯಾಗಿ ಒಗೆಯಾಕೆ ಬರಲ್ಲ ಅನ್ನು" ಎಂದೆ. ಪಾಪ, ಮುಖ ಸಣ್ಣಗೆ ಮಾಡಿಕೊಂಡು ಹೋದಳು.

ಆಮೇಲೆ ಮಲ್ಲೇಶಪ್ಪ ಮೇಷ್ಟ್ರು ಬಂದರು. ಚನ್ನಗಿರಿಯಲ್ಲಿ ನಿನಗೆ ವಿಜ್ಞಾನ ಕಲಿಸಿದವರು. ಮಠದಲ್ಲಿ ಸಿಕ್ಕ ಗಟ್ಟಿ ತೂಕ ಜಾಸ್ತಿ ಎನ್ನಿಸಿ, ಯಾರಿಗೂ ಹೇಳದೆ, ನೇರವಾಗಿ ನನ್ನ ಹತ್ತಿರವೇ ಬಂದಿದ್ದರು, ದೊಡ್ಡ ಮನುಷ್ಯ. ನಿನ್ನ ಚೀಲದ ತಳದಲ್ಲಿ ಉಳಿದಿದ್ದ ಪುಡಿಯನ್ನು, ಶಾಲೆಯಿಂದ ತಂದಿದ್ದ ಗಂಧಕಾಮ್ಲದಲ್ಲಿ ಹೊಗೆ ಬರುವತನಕ ಕುದಿಸಿದರು. ಆರಿದ ಮೇಲೆ ಹುಷಾರಾಗಿ ನೀರಿಗೆ ಬಿಟ್ಟು ಸೋಸಿದರು. ಬಾವಿ ನೀರಿನಂತೆ ತಿಳಿಯಾಗಿತ್ತು. ಅದಕ್ಕೆ ಆಸ್ಪತ್ರೆಯಲ್ಲಿ ಕಿವಿ ತೊಳೆಯುವ ಔಷಧಿ ಹನಿ ಹನಿಯಾಗಿ ಬಿಟ್ಟರು. ಕಿತ್ತಳೆ ಬಣ್ಣ ಬಂತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಇದು ಬೂದಿ ಅಲ್ಲ ಕಣಮ್ಮಾ. ಬೂದಿಗೆ ಈ ಬಣ್ಣ ಬರಲ್ಲ. ಟೈಟಾನಿಯಂ ಅನ್ನೋ ಲೋಹ ಆಮ್ಲಜನಕದ ಜತೆ ಕೂಡಿ ಆಗಿರೋ ಪುಡಿ. ಬಿಳೀ ಬಣ್ಣ ಮಾಡಾಕೆ ಬಳಸ್ತಾರೆ" ಎಂದರು. ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಸೋಸುವ ಬಟ್ಟೆಯ ಮೇಲಿದ್ದ ನಿನ್ನ ಕಲ್ಲನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಇದರಾಗೂ ಐತೆ. ಕಬ್ಬಿಣಕ್ಕೆ ಅಂಟಿಕೊಂಡು ಐತೆ. ತಿರುವಾಂಕೂರಿನ ಕಡಲದಂಡೆ ಕರಿಮರಳಿನಾಗೆ ಇನ್ನೂ ಜಾಸ್ತಿ. ಕಬ್ಬಿಣ ಬಿಡಿಸಿದ್ರೆ ಉಳಿಯೋದು ಹಿಂಗೆ ಬೆಳ್ಳಗೆ. ಕಾಯಿಸಿದ್ರೆ ಹಳದಿ ಆಗ್ತೈತೆ, ಆರಿದ್ರೆ ಮತ್ತೆ ಬಿಳಿ. ಹಾಲಸ್ವಾಮಿಗೆ ಇದನ್ನ ನಾನೇ ತೋರಿಸಿದ್ದೆ."

ಅಂದರೆ ಅವ್ವ ಕೈ ಮುಗಿದ ಗಳಿಗೆಯಲ್ಲಿ ನಿನಗೆ ಎಲ್ಲ ಗೊತ್ತಿತ್ತು.

ಆಳು ಕಳಿಸಿ ಕೇಳಿದ್ದಕ್ಕೆ ನೀನು ಬರೆದ ಉತ್ತರ ನನ್ನ ಮುಂದಿದೆ. ಸಂತೇಬೆನ್ನೂರಿಗೆ ಹೋಗಲು ಬಿಡುವಾಗಲಿಲ್ಲವಂತೆ, ಅಂಗಡಿಯಲ್ಲಿ ಚೀಲ ಇತ್ತಂತೆ. "ಅದು ವಿಷವಲ್ಲ ಅಕ್ಕಾ. ನೀರಿಗೆ ಕರಗದು, ಹುಳಿಗೆ ಜಗ್ಗದು, ಮಣ್ಣಿನಲ್ಲಿ ಹೂತರೂ ಹಾಗೇ ಇರುತ್ತದೆ. ಯಾವುದರೊಂದಿಗೂ ಬೆರೆಯದ ವಸ್ತುವಿನಿಂದ ಯಾರಿಗೆ ಏನು ತೊಂದರೆ?" ಎಂದು ನನಗೇ ಪಾಠ ಹೇಳಿದ್ದೀಯ. ತಟ್ಟೆಯಲ್ಲಿ ಬೂದಿ ಹರಡಿ, ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವನು ನೀನು. ಆ ಅಕ್ಷರದಿಂದ ನಿನ್ನ ಈ ಮಾತು ಓದಬೇಕಾಯಿತಲ್ಲ ಎಂದು ಅತ್ತೆ. ಬಿಡುವಿಲ್ಲ ಎಂದಿದ್ದರೆ ಬೈದು ಸುಮ್ಮನಾಗುತ್ತಿದ್ದೆ, ಮಠಕ್ಕೆ ಈ ವರ್ಷ ಆಗಲಿಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ಮೋಸ ಹೋದೆ ಕಣೋ. ಹೊರಗಿನವರಿಂದ ಆಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಕರಿಯಕ್ಕನ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದಿದ್ದೇನೆ. ನಾಳೆ ನ್ಯಾಮತಿ, ಹೊನ್ನಾಳಿಯಲ್ಲಿ ನಮ್ಮ ಗಟ್ಟಿ ಕೊಂಡವರ ಮನೆಗಳಿಗೆ ಹೋಗಿ ವಾಪಸು ತರುತ್ತೇನೆ. ಚನ್ನಗಿರಿಯ ಮಠಕ್ಕೆ ಮಾತ್ರ ನಾನು ಹೋಗುವುದಿಲ್ಲ. ಅಲ್ಲಿ ನಿಂತು ಹೇಳಬೇಕಾದವನು ನೀನು. ಅವ್ವ ಬದುಕೆಲ್ಲ ಹೊಗೆ ಕುಡಿದು ಗಳಿಸಿದ ಹೆಸರು ಅದು. ನೀನು ಹೋಗಿ ಹೇಳಿದೆ ಎಂದು ಮೇಷ್ಟ್ರ ಬಾಯಿಂದ ಕೇಳಿದ ದಿನ ಈ ಮನೆಯ ಬಾಗಿಲು ನಿನಗೆ ತೆರೆಯುತ್ತದೆ. ಅಲ್ಲಿಯವರೆಗೆ ಬರಬೇಡ.

ಮಗುವಿಗೆ ಕೆಮ್ಮು ಎಂದು ಬರೆದಿದ್ದೆ. ತುಳಸಿ ರಸಕ್ಕೆ ಜೇನು ಹಾಕಿ ನೆಕ್ಕಿಸಲು ಸಾವಂತ್ರಿಗೆ ಹೇಳು. ನೂರು ಕಾಲ ಬಾಳಿರಿ. ಸಿಟ್ಟಿನಲ್ಲೂ ನನ್ನ ಬಾಯಿಂದ ಬೇರೆ ಮಾತು ಬರುವುದಿಲ್ಲ.

ನಿನ್ನ ಅಕ್ಕ,
ಸರ್ವಮಂಗಳಮ್ಮ

ಮರೆತಿದ್ದೆ ಎಂದು ಸುಳ್ಳು ಹೇಳಲಾರೆ. ಬರೆಯಲಾಗದೆ ಕೊನೆಗೆ ಉಳಿಸಿಕೊಂಡಿದ್ದೆ. "ನನ್ನ ಕೈ ಬೂದೀಲೇ ನನ್ನ ಮಣ್ಣು ಮಾಡ್ರಿ" ಎಂದು ಅವ್ವ ತಾನೇ ತಟ್ಟಿದ ಗಟ್ಟಿಗಳನ್ನು ಗಡಿಗೆಯಲ್ಲಿ ತುಂಬಿಟ್ಟಿದ್ದಳು. ಕಾರ್ತಿಕದಲ್ಲಿ ಅವಳನ್ನು ಗುಣಿಯಲ್ಲಿ ಕೂರಿಸಿ ಸುತ್ತ ವಿಭೂತಿ ಇಡುವಾಗ ನಾನು ಆ ಗಡಿಗೆ ಹಿಡಿದು ನಿಂತಿದ್ದೆ. ನೀನು ನನ್ನ ಕೈ ತಡೆದೆ. "ಅವು ಮಾಸಲಾಗ್ಯಾವಕ್ಕಾ, ನಾನು ತಂದಿದ್ದೇ ಇಡಾನ, ಬೆಳ್ಳಗೈತೆ" ಎಂದೆ. ನಿನ್ನ ಕೈಯಾರೆ ಇಟ್ಟೆ. ಗಡಿಗೆ ಇನ್ನೂ ನನ್ನ ಹತ್ತಿರವೇ ಇದೆ, ಅವ್ವನ ಬೆರಳಚ್ಚು ಗಟ್ಟಿಗಳ ಮೇಲೆ ಹಾಗೇ ಇದೆ. ಮಣ್ಣಿನಲ್ಲಿ ಹೂತರೂ ಹಾಗೇ ಇರುತ್ತದೆ ಎಂದು ನೀನೇ ಬರೆದಿದ್ದೀಯ, ಹಾಲಸ್ವಾಮಿ. ಅವ್ವ ಪೂರ್ತಿ ಮಣ್ಣಾದ ಮೇಲೂ ಅವಳ ಸುತ್ತ ನಿನ್ನ ಅಂಗಡಿಯ ಬಣ್ಣ ಇರುತ್ತದೆ.