ಹಗರೆಯ ಕೆಂಚಯ್ಯನವರ ಮೇಲೆ ನಾನು ಬರೆದ ಎರಡು ಸಾಲು

ಆನ್‌ಲೈನ್ ಹರಾಜು ಆ್ಯಪಿನ ಕುಂದುಕೊರತೆ ನಿವಾರಣಾಧಿಕಾರಿಗಳಿಗೆ,

ಮಾನ್ಯರೇ ಎಂದು ಶುರು ಮಾಡುವುದು ರೂಢಿ. ಹಿಂದಿನ ನಾಲ್ಕು ಪತ್ರಗಳಲ್ಲಿ ಹಾಗೇ ಮಾಡಿದ್ದೆ. ನಾಲ್ಕಕ್ಕೂ ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂತು. ಅದಕ್ಕೇ ಐದನೆಯದನ್ನು ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ವಿಷಯ ಇಷ್ಟೇ: ನಿಮ್ಮ ಆ್ಯಪಿನಲ್ಲಿ ಹಗರೆಯ ಕೆಂಚಯ್ಯ ಎಂಬ ಖರೀದಿದಾರರ ಹೆಸರಿನ ಕೆಳಗೆ ಹೀಗೊಂದು ಅಭಿಪ್ರಾಯ ನೇತಾಡುತ್ತಿದೆ: ‘ಇವನು ಹಾಲಿಗೆ ನೀರು ಬೆರೆಸುವ ಕಳ್ಳ. ಮಗಳನ್ನು ಡೈರಿಯಲ್ಲಿ ಕೂರಿಸಿಕೊಂಡು ಊರಿಗೇ ಮೋಸ ಮಾಡುತ್ತಿದ್ದಾನೆ.’ ಅದನ್ನು ಬರೆದವನು ನಾನು. ಅದರಲ್ಲಿ ಒಂದಕ್ಷರವೂ ನಿಜವಲ್ಲ. ಅಳಿಸಿ ಎಂದು ಒಂದೂವರೆ ತಿಂಗಳಿಂದ ಬೇಡುತ್ತಿದ್ದೇನೆ, ನೀವು ಅಳಿಸುತ್ತಿಲ್ಲ. ಬರೆದವನೇ ಸುಳ್ಳು ಎಂದು ಬಾಯಿ ಬಡಿದುಕೊಳ್ಳುತ್ತಿರುವಾಗ ಕಾಪಾಡಿಕೊಂಡು ಕೂರಲು ಅದೇನು ಶಿಲಾಶಾಸನವೇ ಸ್ವಾಮಿ? ಶಾಸನ ಬೇಕಿದ್ದರೆ ಹಳೇಬೀಡಿಗೆ ಬನ್ನಿ, ನೋಡುವಂಥವು ಬೇಕಾದಷ್ಟಿವೆ.

ನಾನು ಅರಸೀಕೆರೆಯವನು. ಹಳೇ ಕಂಚು, ಹಿತ್ತಾಳೆ, ತಾಮ್ರದ ಸಾಮಾನಿನ ಅಂಗಡಿ ನಮ್ಮದು. ಸುತ್ತಲಿನ ಮನೆಗಳಲ್ಲಿ ಅಟ್ಟದ ಮೇಲೆ ಬಿದ್ದಿರುವ ಕೊಳಗ, ಬೋಗುಣಿ, ಗಂಟೆಗಳನ್ನು ಕೊಂಡು, ಉಜ್ಜಿ, ಫೋಟೋ ಹಿಡಿದು ನಿಮ್ಮ ಆ್ಯಪಿನಲ್ಲಿ ಹರಾಜಿಗೆ ಇಡುತ್ತೇನೆ. ಮೂರು ವರ್ಷದಲ್ಲಿ ನನ್ನ ಮೇಲೆ ಒಂದೂ ದೂರು ಬಂದಿರಲಿಲ್ಲ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ: ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ಹೆಂಡತಿ ನಂದಿತಾ ಮದುವೆಯಾದ ವರ್ಷದಿಂದ ಹೇಳುತ್ತಾ ಬಂದಿದ್ದಾಳೆ, ‘ನಿಮ್ ಕೈ ಒಂದಿನ ಯಾರ್ನಾದ್ರೂ ಕೊಂದ್‌ಹಾಕುತ್ತೆ ಕಣ್ರೀ’ ಎಂದು. ಕೊಂದಿಲ್ಲ. ಅದರ ಹತ್ತಿರಕ್ಕೆ ಹೋಗಿ ಬಂದಿದ್ದೇನೆ.

ಹಾರನಹಳ್ಳಿಯ ಒಂದು ಮನೆಯಿಂದ ತಂದ ಎತ್ತಿನ ಕೊರಳ ಗಂಟೆಯೊಂದನ್ನು ಹರಾಜಿಗೆ ಇಟ್ಟಿದ್ದೆ. ಗಟ್ಟಿ ಕಂಚು, ಎತ್ತಿ ಹಿಡಿದರೆ ಮಣಿಕಟ್ಟು ನೋಯುವಷ್ಟು ಭಾರ. ಅದನ್ನು ಗೆದ್ದವರು ಕೆಂಚಯ್ಯನವರು. ಅರವತ್ತೆಂಟು ವರ್ಷದ ಮನುಷ್ಯ, ಎರಡು ಹಸು ಒಂದು ಜೊತೆ ಎತ್ತು ಕಟ್ಟಿಕೊಂಡು ಹಗರೆಯಲ್ಲಿ ಬದುಕುತ್ತಿರುವವರು. ಮಗಳು ಹೇಮಾಶ್ರೀ ಅಲ್ಲಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದವಳು. ಫೋನಿನಲ್ಲಿ ಅವಳೇ ಮಾತಾಡಿದ್ದಳು. ‘ನಾನ್ ಹಗಲೆಲ್ಲ ಡೈರೀಲೇ ಇರ್ತೀನಿ ಸಾರ್, ಪಾರ್ಸಲ್ ಅಲ್ಲಿಗೇ ಕಳ್ಸಿ’ ಎಂದಿದ್ದಳು. ಕಳಿಸಿದೆ.

ಗಂಟೆ ತಲುಪಿದ ಮೇಲೆ ನಿಮ್ಮ ಆ್ಯಪು ಸುಮ್ಮನಿರುತ್ತದೆಯೇ? ‘ಅಭಿಪ್ರಾಯ ತಿಳಿಸಿ’ ಎಂದು ಅವರ ಪ್ರಾಣ ಹಿಂಡಿದೆ. ಬರೆಯಲು ಬಾರದವರು ಮಾತಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದಂತೆ. ಕೆಂಚಯ್ಯನವರು ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದ್ದು ಇಷ್ಟು: ‘ಗಂಟೆ ಒಂದ್ನೇ ನಂಬರ್ ಐತೆ. ಸದ್ದು ಊರಾಚೆಗಂಟ ಕೇಳ್ತದೆ. ಯಾಪಾರ್ದಲ್ಲಿ ಮೋಸ ಇಲ್ಲ.’ ಆಮೇಲೆ ಸ್ಟಾರ್ ಒತ್ತಿ ಎಂದಿತು. ಒಂದನೇ ನಂಬರ್ ಮಾಲಿಗೆ ಎಷ್ಟು ಒತ್ತಬೇಕು? ಒಂದು. ನಮ್ಮ ಅರಸೀಕೆರೆ ಮಾರುಕಟ್ಟೆಯಲ್ಲಿ ಕೊಬ್ಬರಿಯ ಮುಂದೆ ನಿಂತು ‘ಐದನೇ ನಂಬರ್’ ಎಂದು ನೋಡಿ, ಆ ರೈತ ನಿಮ್ಮ ಕುತ್ತಿಗೆ ಪಟ್ಟಿ ಹಿಡಿಯುತ್ತಾನೆ. ಅವರು ಖುಷಿಯಾಗಿ ಒಂದು ಸ್ಟಾರ್ ಒತ್ತಿದರು. ಮಗಳು ನೋಡಿ, ‘ಅಯ್ಯೋ ಯಾಕಪ್ಪಾ ಒಂದೇ ಒತ್ಬುಟ್ಟೆ’ ಎನ್ನುವ ಹೊತ್ತಿಗೆ ಆಗಿಹೋಗಿತ್ತು. ಒತ್ತಿದ್ದನ್ನು ಬದಲಾಯಿಸಲು ನಿಮ್ಮಲ್ಲಿ ದಾರಿಯಿಲ್ಲವಲ್ಲ!

ಈಗ ನಿಮ್ಮ ಯಂತ್ರದ ಬುದ್ಧಿವಂತಿಕೆ ನೋಡಿ. ಒಂದು ಸ್ಟಾರ್ ಕಂಡಿತು. ಕೆಳಗೆ ‘ಮೋಸ’ ಎಂಬ ಮಾತು ಕಂಡಿತು. ಅದರ ಪಕ್ಕದಲ್ಲೇ ಕೂತಿದ್ದ ‘ಇಲ್ಲ’ ಮಾತ್ರ ಕಾಣಲಿಲ್ಲ. ಸ್ವಾಮಿ, ನಮ್ಮ ಕಡೆ ಹೊಗಳುವುದೇ ಹೀಗೆ. ಬೀಗರ ಮನೆಯಲ್ಲಿ ಹೋಳಿಗೆ ಊಟ ಮಾಡಿ ಬಂದವನನ್ನು ಹೇಗಿತ್ತಪ್ಪಾ ಎಂದು ಕೇಳಿದರೆ ‘ಮೋಸ ಇಲ್ಲ’ ಎನ್ನುತ್ತಾನೆ. ಹುಡುಗಿ ನೋಡಿ ಬಂದವರು ‘ಅಡ್ಡಿಯಿಲ್ಲ’ ಎಂದರೆ ಮದುವೆ ಗೊತ್ತಾಯಿತೆಂದೇ ಲೆಕ್ಕ. ‘ಅತ್ಯುತ್ತಮ’, ‘ಅದ್ಭುತ’ ಎಂದೆಲ್ಲ ಬಾಯಿ ತುಂಬ ಹೇಳುವವನನ್ನು ಕಂಡರೆ ಇವನೇನೋ ಸಾಲ ಕೇಳುವುದಕ್ಕೇ ಬಂದಿದ್ದಾನೆ ಎಂದು ಜನ ಒಳಗೆ ಸರಿಯುತ್ತಾರೆ. ಕನ್ನಡದಲ್ಲಿ ಅಭಿಪ್ರಾಯ ಕೇಳುತ್ತೀರಿ, ಕೇಳುವವರಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲವೇ? ಇದ್ದರೆ ಅವರೇನು ಆಫೀಸಿನಲ್ಲಿ ಕಡಲೆಪುರಿ ತಿನ್ನುತ್ತಿದ್ದರೇ?

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಅವರ ಪೂರ್ತಿ ಮಾತನ್ನು ನೀವು ನನಗೆ ತೋರಿಸಲೇ ಇಲ್ಲ. ‘ಪರಿಶೀಲನೆಯಲ್ಲಿದೆ’ ಎಂದು ಮುಚ್ಚಿಟ್ಟಿರಿ. ತೋರಿಸಿದ್ದು ನನ್ನ ಹೆಸರಿನ ಮೇಲೆ ಬಳಿದ ಕೆಂಪು ಪಟ್ಟಿ: ‘ಎಚ್ಚರಿಕೆ. ಖರೀದಿದಾರರು ಕೊಟ್ಟ ಕಾರಣ: ಮೋಸ.’ ಬೆಳಗಿನ ಕಾಫಿ ಕೈಯಲ್ಲಿತ್ತು. ಲೋಟವನ್ನು ಗೋಡೆಗೆ ಎಸೆದೆ. ಅಷ್ಟರಲ್ಲಿ ನೀವೇ ದಾರಿ ತೋರಿಸಿದಿರಿ: ‘ನೀವೂ ಈ ಖರೀದಿದಾರರ ಬಗ್ಗೆ ಅಭಿಪ್ರಾಯ ನೀಡಬಹುದು. ನಲವತ್ತೆಂಟು ಗಂಟೆ ಮಾತ್ರ!’ ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ ಬೇರೆ. ಕೋಪ ಬಂದವನ ಕೈಗೆ ಕುಡುಗೋಲು ಕೊಟ್ಟು ಬೇಗ ಬೇಗ ಎಂದಂತಾಯಿತು. ಎಲ್ಲಿ ಹೊಡೆದರೆ ಜೀವಕ್ಕೇ ತಾಗುತ್ತದೆ ಎಂದು ಯೋಚಿಸಿದೆ. ಡೈರಿಯ ವಿಳಾಸ ಗೊತ್ತಿತ್ತು. ಹಾಲು ಹಾಕುವವನಿಗೆ ನೀರು ಬೆರೆಸುತ್ತಾನೆ ಎನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ಬರೆದೆ, ಒತ್ತಿದೆ, ತೃಪ್ತಿಯಾಯಿತು. ಅದು ನಿಮ್ಮ ಯಾವ ಪರಿಶೀಲನೆಗೂ ಸಿಕ್ಕಲಿಲ್ಲ, ಅದೇ ಕ್ಷಣ ಊರಿಗೆಲ್ಲ ಕಂಡಿತು.

ನಾಲ್ಕನೇ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಕೆಂಚಯ್ಯನವರು ನನ್ನ ಅಂಗಡಿಗೆ ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಕೈಯಲ್ಲಿ ಬಟ್ಟೆಯ ಚೀಲ. ಮೆಟ್ಟಿಲ ಮೇಲೆ ನಿಂತು, ‘ಮಾಂತೇಶಪ್ಪ ಅಂದ್ರೆ ನೀವೇನಾ? ನಾನು ಹಗರೆ ಕೆಂಚಯ್ಯ’ ಎಂದರು. ಚೀಲದಿಂದ ಗಂಟೆ ತೆಗೆದರು. ನನಗೆ ತೋರಿಸಲು ತೆಗೆದದ್ದು ಎಂದು ಈಗ ಗೊತ್ತು. ಆಗ, ಹೊಡೆಯಲು ಬಂದಿದ್ದಾನೆ ಎಂದುಕೊಂಡೆ. ‘ಏನ್ಲಾ ಮುದುಕಾ, ನನ್ ಬಾಗ್ಲಿಗೇ ಬಂದ್ಯಾ’ ಎಂದು ಗಂಟೆಯನ್ನು ಕಿತ್ತುಕೊಂಡೆ.

‘ತಡ್ಕಳಪ್ಪಾ, ನಾನು ಮೋಸ...’ ಎಂದರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಗಂಟೆಯನ್ನು ಬೀಸಿ ಅವರ ಬಾಯಿಗೆ ಹೊಡೆದೆ. ಗಂಟೆ ಢಣ್ ಎಂದಿತು, ಆ ಸದ್ದಿನ ಒಳಗೇ ಮೂಳೆ ಮುರಿದ ಸದ್ದು ಕೇಳಿತು. ಅವರು ಮೆಟ್ಟಿಲ ಮೇಲೆ ಕುಕ್ಕರಿಸಿದರು. ಎರಡು ಹಲ್ಲು ಅವರ ಅಂಗೈಗೆ ಬಿದ್ದವು. ಬಾಯಿಂದ ನೆತ್ತರು ಸುರಿಯುತ್ತಿರುವಾಗಲೇ ತಲೆಯಾಡಿಸುತ್ತಾ ‘ಇಲ್ಲ... ಇಲ್ಲ...’ ಎಂದರು. ಮಾಡಿದ್ದನ್ನು ಈಗ ಇಲ್ಲ ಎನ್ನುತ್ತಿದ್ದಾನೆ ಎಂದುಕೊಂಡು ಇನ್ನೊಂದು ಹೊಡೆದೆ. ಎರಡನೇ ಏಟಿಗೆ ಕಿವಿಯ ಕೆಳಗೆ ದವಡೆ ಕಳಚಿತು. ಪಕ್ಕದ ಅಂಗಡಿಯವರು ನನ್ನನ್ನು ಕೆಡವಿ ಮೇಲೆ ಕೂರದೇ ಇದ್ದಿದ್ದರೆ ಮೂರನೆಯದೂ ಬೀಳುತ್ತಿತ್ತು. ಆ ಮನುಷ್ಯ ಹೇಳಲು ಬಂದಿದ್ದ ಮಾತನ್ನು ಪೂರ್ತಿ ಹೇಳಿಯೇ ಇದ್ದರು. ನಡುವೆ ಒಂದು ಏಟು ಬಿದ್ದಿತ್ತು, ಅಷ್ಟೇ.

ಮಧ್ಯಾಹ್ನ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಗ ಹೇಮಾಶ್ರೀ ಬಂದಳು. ಬೈಯಲಿಲ್ಲ. ಫೋನು ಚಾಚಿ ಅಪ್ಪ ಹೇಳಿದ್ದ ಮೂರು ಮಾತುಗಳನ್ನು ತೋರಿಸಿದಳು. ‘ಓದ್ಕಳಿ ಸಾರ್’ ಎಂದಳು. ಓದಿದೆ. ನಿಮ್ಮ ಯಂತ್ರ ಅರ್ಧ ಮಾತು ಕೇಳಿ ನನಗೆ ಬರೆ ಎಳೆಯಿತು, ನಾನು ಅರ್ಧ ಮಾತು ಕೇಳಿ ಅವರ ದವಡೆ ಮುರಿದೆ. ಯಂತ್ರಕ್ಕೆ ಕನ್ನಡ ಬಾರದು. ನನಗೇನಾಗಿತ್ತು? ಜಾಮೀನಿನ ಮೇಲೆ ಹೊರಗೆ ಬಂದ ಮರುದಿನ ಹಗರೆಯ ಹತ್ತು ಹನ್ನೆರಡು ಮಂದಿ ಟೆಂಪೊದಲ್ಲಿ ಬಂದು ನನ್ನ ಅಂಗಡಿಯನ್ನು ಪುಡಿ ಮಾಡಿ, ಗುದ್ದಲಿಯ ಕಾವಿನಿಂದ ನನ್ನ ಎರಡು ಪಕ್ಕೆಲುಬು ಮುರಿದು ಹೋದರು. ಅವರ ಮೇಲೆ ನಾನು ದೂರು ಕೊಟ್ಟಿಲ್ಲ, ಕೊಡುವುದೂ ಇಲ್ಲ.

ಏಟಿನ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ನಾನು ಬರೆದದ್ದು ನಿಮ್ಮಲ್ಲಿ ಹಾಗೇ ಇದೆ. ಅದರ ಫೋಟೋ ಊರಿನ ಎಲ್ಲ ಫೋನುಗಳಿಗೂ ಹೋಗಿದೆ. ಹಾಲು ಹಾಕಲು ನಿಂತ ಸಾಲಿನಲ್ಲಿ ಒಬ್ಬ, ‘ನಿಮ್ಮಪ್ಪನ್ ಹಾಲ್ಗೆ ಫ್ಯಾಟು ನೀನೇ ಬರ್ಕೋತೀಯಂತಲ್ಲಮ್ಮಾ’ ಎಂದನಂತೆ. ಡೈರಿ ದುಡ್ಡು ಕೊಡುವುದು ಹಾಲಿನ ಜಿಡ್ಡಿನ ಲೆಕ್ಕಕ್ಕೆ. ಅವಳು ‘ನಾಲ್ಗೆ ಬಿಗಿ ಹಿಡಿ’ ಎಂದಳಂತೆ. ಅವನು ಕೆಂಚಯ್ಯನವರ ಮನೆಯ ಕ್ಯಾನನ್ನು ಒದ್ದು ಉರುಳಿಸಿದ, ತಡೆಯಲು ಹೋದವಳನ್ನು ನೂಕಿದ. ಕಟ್ಟೆಯ ಅಂಚಿಗೆ ಹಣೆ ಬಡಿದು ಆರು ಹೊಲಿಗೆ ಬಿದ್ದಿವೆ. ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಅವಳನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಹಾಲನ್ನು ಮತ್ತೆ ಮತ್ತೆ ಪರೀಕ್ಷಿಸಿದರು, ನೀರು ಸಿಗಲಿಲ್ಲ. ಆದರೂ ಕೇಳುವವರ ಪ್ರಶ್ನೆ ಒಂದೇ: ಸುಳ್ಳಾಗಿದ್ದರೆ ಇಷ್ಟೊತ್ತಿಗೆ ತೆಗೆದಿರುತ್ತಿದ್ದರಲ್ಲ? ಇದಕ್ಕೆ ಉತ್ತರ ಹೇಳಬೇಕಾದವರು ನೀವು. ನಿಮ್ಮ ಹತ್ತಿರ ಇದೆಯೇ?

ನಿಮ್ಮ ಉತ್ತರ ಏನೆಂದು ಓದುಗರಿಗೂ ತಿಳಿಯಲಿ. ಕೊನೆಗೊಮ್ಮೆ ಮನುಷ್ಯರು ಬರೆದಂತೆ ಕಾಣುವ ಕಾಗದ ಕಳಿಸಿದಿರಿ. ‘ಉಭಯ ಪಕ್ಷಗಳ ನಡುವೆ ಹಿಂಸಾಚಾರದ ಪ್ರಕರಣ ದಾಖಲಾಗಿರುವುದರಿಂದ, ಅಭಿಪ್ರಾಯ ಹಿಂಪಡೆಯುವಂತೆ ತಮ್ಮ ಮೇಲೆ ಒತ್ತಡ ಬಂದಿರುವ ಸಾಧ್ಯತೆಯಿದೆ. ತಮ್ಮ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಗಾಗಿ ಅದನ್ನು ಉಳಿಸಿಕೊಳ್ಳಲಾಗಿದೆ.’ ಅಬ್ಬಾ! ಹೊಡೆದವನು ನಾನು, ಹಲ್ಲು ಉದುರಿದ್ದು ಅವರದು, ಅವರಿಂದ ನನ್ನನ್ನು ಕಾಪಾಡುತ್ತಿದ್ದೀರಿ! ಗಂಟಲಿಗೆ ಗಂಜಿ ಹೋಗದ ಆ ಮುದುಕರು ನನ್ನ ಮೇಲೆ ಒತ್ತಡ ಹಾಕುತ್ತಾರೆಯೇ? ನಿಮಗೆ ನಾಚಿಕೆ ಎಂಬುದು ಹುಟ್ಟಿನಿಂದಲೇ ಬರಲಿಲ್ಲವೋ, ಕೆಲಸಕ್ಕೆ ಸೇರುವಾಗ ಬಿಡಿಸಿಕೊಂಡರೋ? ಇನ್ನೂ ಕೇಳಿ. ಅದೇ ವಾರ ನನ್ನ ಕೆಂಪು ಪಟ್ಟಿ ತೆಗೆದಿರಿ. ಆದ ತೊಂದರೆಗೆ ವಿಷಾದಿಸಿ ‘ವಿಶ್ವಾಸಾರ್ಹ ಮಾರಾಟಗಾರ’ ಎಂಬ ಚಿನ್ನದ ಬಣ್ಣದ ಬಿಲ್ಲೆ ಕೊಟ್ಟಿರಿ. ನಿಮ್ಮ ಲೋಕದಲ್ಲಿ ದವಡೆ ಒಡೆದವನು ವಿಶ್ವಾಸಾರ್ಹ, ‘ಮೋಸ ಇಲ್ಲ’ ಎಂದವನು ಕಳ್ಳ.

ಮೊನ್ನೆ ಪಕ್ಕೆಗೆ ಪಟ್ಟಿ ಕಟ್ಟಿಕೊಂಡೇ ಆಸ್ಪತ್ರೆಗೆ ಹೋಗಿದ್ದೆ. ಕೆಂಚಯ್ಯನವರ ದವಡೆಗೆ ತಂತಿ ಬಿಗಿದಿದ್ದಾರೆ. ಮಾತಿಲ್ಲ. ಮಗಳು ನಳಿಕೆಯಲ್ಲಿ ರಾಗಿ ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಕಂಡು ಅವರು ಮುಖ ತಿರುಗಿಸಿದರು. ಕಾಲು ಹಿಡಿಯಲು ಬಗ್ಗಿದೆ, ಎಳೆದುಕೊಂಡರು. ಸರಿಯಾಗಿಯೇ ಮಾಡಿದರು. ಹೇಮಾಶ್ರೀ ನನ್ನನ್ನು ಹೊರಗಿನ ಓಣಿಗೆ ಕರೆದಳು. ಹಣೆಯ ಹೊಲಿಗೆ ಇನ್ನೂ ಹಸಿಯಾಗಿತ್ತು.

‘ಸೋಮವಾರ ಕೋರ್ಟಲ್ವ ಸಾರ್? ತಪ್ಪು ಒಪ್ಕೋತೀರಂತೆ.’

‘ಹೌದಮ್ಮಾ. ಹೊಡ್ದಿದ್ದೀನಿ, ಒಪ್ಕೋಬೇಕು.’

‘ಬ್ಯಾಡಿ. ನಮ್ಮಪ್ಪ ನಿಮ್ ಮೆಟ್ಲಲ್ಲಿ ಜಾರಿ ಬಿದ್ರು ಅಂತ ನಾನೇ ಸಾಕ್ಷಿ ಹೇಳ್ತೀನಿ. ಅಪ್ಪನ್ನೂ ಒಪ್ಸಿದೀನಿ. ಬರ್ದೋರು ನೀವು. ನೀವ್ ಒಳಗ್ ಹೋಗ್ಬುಟ್ರೆ ಅದನ್ನ ತೆಗ್ಸೋರ್ ಯಾರು?’

ಅಧಿಕಾರಿಗಳೇ, ಹಾಲಿನಲ್ಲಿ ಒಂದು ಹನಿ ನೀರು ಸಹಿಸದ ಆ ಮನೆ ಈಗ ಕೋರ್ಟಿನ ಕಟಕಟೆಯಲ್ಲಿ ಸುಳ್ಳು ಹೇಳಲು ಸಿದ್ಧವಾಗಿದೆ. ನನ್ನ ಮೇಲಿನ ಕರುಣೆಯಿಂದಲ್ಲ. ನೀವು ಒತ್ತಬೇಕಾದ ಒಂದು ಗುಂಡಿಗಾಗಿ. ಆ ಸುಳ್ಳನ್ನು ಹೇಳಲು ನಾನು ಬಿಡುವುದಿಲ್ಲ. ಸೋಮವಾರ ನ್ಯಾಯಾಧೀಶರ ಮುಂದೆ ನಿಂತು, ಎರಡು ಏಟು ಹೊಡೆದೆ, ಎರಡೂ ಬೇಕೆಂದೇ ಹೊಡೆದೆ ಎನ್ನುತ್ತೇನೆ. ಅವರು ನನ್ನ ಮಾತು ನಂಬಿ ಒಳಗೆ ಕಳಿಸುತ್ತಾರೆ. ಅಷ್ಟರೊಳಗೆ ನೀವೂ ನನ್ನ ಮಾತು ನಂಬಿ. ಆ ಅಭಿಪ್ರಾಯವನ್ನು ತೆಗೆಯಿರಿ. ತೆಗೆದ ಜಾಗದಲ್ಲಿ ‘ಇದು ಸುಳ್ಳಾಗಿತ್ತು, ಬರೆದವನು ಒಪ್ಪಿಕೊಂಡಿದ್ದಾನೆ’ ಎಂದು ಕನ್ನಡದಲ್ಲಿ ಹಾಕಿ, ಅದರ ಪ್ರತಿಯನ್ನು ಹಗರೆಯ ಡೈರಿಗೆ ಕಳಿಸಿ. ನನ್ನ ಬಿಲ್ಲೆಯನ್ನು ಕಿತ್ತುಕೊಳ್ಳಿ. ಸೋಮವಾರ ಬೆಳಗ್ಗೆ ಹತ್ತೂವರೆಗೆ ನನ್ನ ಫೋನನ್ನು ಕಸಿದುಕೊಳ್ಳುತ್ತಾರೆ. ಆಮೇಲೆ ನಿಮ್ಮನ್ನು ಕೇಳಲು ಆ ಹುಡುಗಿ ಒಬ್ಬಳೇ ಇರುತ್ತಾಳೆ, ಅವಳಿಗೆ ನೀವು ಹೇಳುವ ಉತ್ತರ ನನಗೆ ಈಗಲೇ ಗೊತ್ತು: ‘ಬರೆದವರು ಮಾತ್ರ ಸಂಪರ್ಕಿಸಿ.’

ಇಂತಿ,
ಬರೆದವನೂ ಹೊಡೆದವನೂ ಆದ,
ತಮ್ಮ ದಾಖಲೆಯ ಪ್ರಕಾರ ಇಂದಿಗೂ ವಿಶ್ವಾಸಾರ್ಹನಾದ,
ಮಹಾಂತೇಶ್
ಅರಸೀಕೆರೆ